ನಿಂಬೆ ಎಲೆಯೊಳಗೆ ಬೆಳ್ಳಿ ಗೆರೆ ಎಳೆಯುವ ಪತಂಗ: ಇದನ್ನು ಕಣ್ಣಾರೆ ಕಂಡವರು ಇದ್ದೀರಾ?

ತಾರಸಿತೋಟ (ಮೈಸೂರು) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ತಾರಸಿಯಲ್ಲಿ ದೊಡ್ಡ ಕುಂಡಗಳಲ್ಲಿ ನಿಂಬೆ ಗಿಡಗಳೂ ಒಂದು ಹೆರಳೆ ಗಿಡವೂ ಇವೆ. ಮಳೆ ಹಿಡಿದ ಮೇಲೆ ಬಂದ ಹೊಸ ಚಿಗುರಿನ ಎಲೆಗಳಲ್ಲೆಲ್ಲ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆಗಳು ಮೂಡಿವೆ. ಆ ಗೆರೆಯ ನಟ್ಟನಡುವೆ ಸಣ್ಣದೊಂದು ಕಪ್ಪು ಎಳೆ ಉದ್ದಕ್ಕೂ ಸಾಗಿದೆ. ಕೆಲವು ಎಲೆಗಳ ಅಂಚು ಒಳಕ್ಕೆ ಮಡಚಿಕೊಂಡು ಸುರುಟಿದೆ. ಆದರೆ ಹಳೆಯ ದಪ್ಪ ಎಲೆಗಳ ಮೇಲೆ ಹೊಸದಾಗಿ ಒಂದು ಗೆರೆಯೂ ಬಂದಿಲ್ಲ.

ಗಿಡ ಕೊಟ್ಟ ನರ್ಸರಿಯವರು ಇದು ವೈರಸ್ ಎಂದರು. ಪಕ್ಕದ ಮನೆಯವರು ಟೊಮೆಟೊ ಗಿಡಕ್ಕೆ ಬರುವ ರಂಗೋಲಿ ಹುಳುವೇ ನಿಂಬೆಗೂ ಬಂದಿದೆ ಎಂದರು. ನಾನಾಗಿ ಹುಡುಕಿದಾಗ ಇದು ಬಹಳ ಚಿಕ್ಕ ಪತಂಗವೊಂದರ ಮರಿಹುಳುವಿನ ಕೆಲಸ ಎಂದು ತಿಳಿಯಿತಾದರೂ, ಸಿಕ್ಕ ಬರಹಗಳಲ್ಲಿ ಬಹುಪಾಲು ಯಾವ ಔಷಧಿಯನ್ನು ಎಷ್ಟು ನೀರಿಗೆ ಬೆರೆಸಬೇಕು ಎಂಬಲ್ಲಿಗೇ ಮುಗಿಯುತ್ತವೆ. ಪತಂಗದ ಬಗ್ಗೆ ಒಂದೆರಡು ಸಾಲಿಗಿಂತ ಹೆಚ್ಚು ಎಲ್ಲಿಯೂ ಇಲ್ಲ. ಗೆರೆಗಳನ್ನು ಇಷ್ಟು ಜನ ನೋಡಿರುವಾಗ ಅದನ್ನು ಎಳೆಯುವ ಜೀವಿಯನ್ನು ನೋಡಿದವರು ಒಬ್ಬರೂ ಸಿಗದಿರುವುದು ನನಗೆ ವಿಚಿತ್ರವಾಗಿ ಕಾಣುತ್ತಿದೆ. ಆ ಪತಂಗ ಯಾವುದು, ಅದು ಎಲೆಯೊಳಗೆ ಹೇಗೆ ಬದುಕುತ್ತದೆ, ಗಿಡಕ್ಕೆ ನಿಜವಾಗಿ ಎಷ್ಟು ಹಾನಿ ಮಾಡುತ್ತದೆ, ಅದನ್ನು ನೋಡುವುದಕ್ಕೆ ಏನು ಮಾಡಬೇಕು ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರಿಕೆ.

ಸೂಕ್ಷ್ಮಪತಂಗ (ಧಾರವಾಡ)

ತಾರಸಿತೋಟ ಅವರಿಗೆ ನಮಸ್ಕಾರ. ಚಿಗುರೆಲೆಗೆ ಮಾತ್ರ ತಗಲಿರುವುದು, ಬೆಳ್ಳಿ ಗೆರೆ, ನಡುವಿನ ಕಪ್ಪು ಎಳೆ, ಮಡಚಿದ ಅಂಚು ಈ ನಾಲ್ಕೂ ಒಟ್ಟಿಗೆ ಇರುವಾಗ ಛಾಯಾಚಿತ್ರ ಇಲ್ಲದೆಯೂ ಗುರುತಿಸಬಹುದು. ಇದು ನಿಂಬೆಯ ಎಲೆ ಸುರಂಗದ ಪತಂಗ. ವೈಜ್ಞಾನಿಕ ಹೆಸರು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ. ಮರಿಗಳು ಎಲೆಯ ಒಳಗೇ ಬೆಳೆಯುವ ಪತಂಗಗಳ ದೊಡ್ಡ ಕುಟುಂಬವಾದ ಗ್ರಾಸಿಲ್ಲಾರಿಡೇಗೆ ಇದು ಸೇರಿದೆ. 1856ರಲ್ಲಿ ಇಂಗ್ಲೆಂಡಿನ ಹೆನ್ರಿ ಟಿಬ್ಬಟ್ಸ್ ಸ್ಟೇನ್‌ಟನ್ ಎಂಬ ಕೀಟತಜ್ಞರು ಕಲ್ಕತ್ತೆಯಿಂದ ಬಂದ ಮಾದರಿಗಳನ್ನು ಪರಿಶೀಲಿಸಿ ಇದಕ್ಕೆ ಈ ಹೆಸರು ಕೊಟ್ಟರು. ಅಂದರೆ ಇದು ಹೊರಗಿನಿಂದ ಬಂದ ಪೀಡೆಯಲ್ಲ. ನಿಂಬೆ, ಕಿತ್ತಳೆಗಳಂತೆ ಇದೂ ಏಷ್ಯಾದ ಈ ಭಾಗದ್ದೇ.

ನೋಡಿದವರು ಸಿಗದಿರುವುದಕ್ಕೆ ಮೊದಲ ಕಾರಣ ಗಾತ್ರ. ರೆಕ್ಕೆ ಬಿಡಿಸಿದಾಗ ಒಂದು ತುದಿಯಿಂದ ಇನ್ನೊಂದು ತುದಿಗೆ 4ರಿಂದ 5 ಮಿಲಿಮೀಟರ್. ರೆಕ್ಕೆ ಮಡಚಿ ಕುಳಿತರೆ ಉದ್ದ ಸುಮಾರು 2 ಮಿಲಿಮೀಟರ್ ಅಷ್ಟೇ. ಬಿಳಿಯ ತಲೆ, ಹೊಳೆಯುವ ಬೆಳ್ಳಿ ಬಿಳುಪಿನ ಮುಂರೆಕ್ಕೆ, ಅದರ ಮೇಲೆ ಕಂದು ಪಟ್ಟೆಗಳು, ಪ್ರತಿ ಮುಂರೆಕ್ಕೆಯ ತುದಿಯಲ್ಲಿ ಒಂದು ಸ್ಪಷ್ಟವಾದ ಕಪ್ಪು ಚುಕ್ಕೆ. ಹಿಂರೆಕ್ಕೆ ಬಹಳ ಕಿರಿದಾಗಿದ್ದು ಅಂಚಿನಲ್ಲಿ ಉದ್ದನೆಯ ಕೂದಲಿನ ಕುಚ್ಚು ಇರುತ್ತದೆ. ಎರಡನೆಯ ಕಾರಣ ಹೊತ್ತು. ಮರಿ ಪತಂಗವಾಗಿ ಮಾರ್ಪಡುವ ಕೋಶದಿಂದ ಪತಂಗ ಹೊರಬರುವುದು ಬೆಳಗಿನ ಜಾವದ ಸುಮಾರಿಗೆ. ಮುಂಜಾನೆ ಸ್ವಲ್ಪ ಹಾರಾಡಿ ಹಗಲಿಡೀ ಎಲೆಯ ಅಡಿಯಲ್ಲೋ ಗಿಡದ ಒಳಗಿನ ನೆರಳಿನಲ್ಲೋ ಕುಳಿತಿರುತ್ತದೆ. ಹೆಣ್ಣು ಮೊಟ್ಟೆ ಇಡುವುದು ಸಂಜೆ ಮತ್ತು ರಾತ್ರಿ. ನಾವು ಗಿಡದ ಮುಂದೆ ನಿಲ್ಲುವ ಹೊತ್ತಿನಲ್ಲಿ ಅದು ಅಲುಗಾಡುವುದೇ ಇಲ್ಲ.

ಇನ್ನು ಎಲೆಯೊಳಗಿನ ಬದುಕು. ಈ ಜೀವಿಯ ಸ್ವಾರಸ್ಯವೆಲ್ಲ ಇರುವುದು ಇಲ್ಲಿಯೇ. ಹೆಣ್ಣು ಪತಂಗ ಎಳೆಯ ಎಲೆಯ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ ನಡುನರದ ಪಕ್ಕಕ್ಕೆ, ಒಂದೊಂದಾಗಿ ಮೊಟ್ಟೆ ಅಂಟಿಸುತ್ತದೆ. ಮೊಟ್ಟೆ ಪಾರದರ್ಶಕ, ಭೂತಕನ್ನಡಿಯಲ್ಲಿ ನೋಡಿದರೆ ಎಲೆಗೆ ಅಂಟಿದ ನೀರಹನಿಯ ಹಾಗಿರುತ್ತದೆ. ಒಡೆದ ಮೊಟ್ಟೆಯಿಂದ ಮರಿ ಹೊರಗಿನ ಗಾಳಿಗೆ ಬರದೆ ನೇರವಾಗಿ ಎಲೆಯ ಹೊರಪದರದ ಕೆಳಗೆ ಇಳಿಯುತ್ತದೆ, ಮತ್ತು ಪತಂಗವಾಗುವ ತನಕ ಆ ಎಲೆಯನ್ನು ಬಿಡುವುದಿಲ್ಲ. ಒಂದು ಎಲೆಯಿಂದ ಇನ್ನೊಂದಕ್ಕೆ ಹೋಗುವ ಶಕ್ತಿಯೂ ಅದಕ್ಕಿಲ್ಲ, ಏಕೆಂದರೆ ಕಾಲುಗಳೇ ಇಲ್ಲ.

ಮರಿಹುಳು ಎಂದೊಡನೆ ಎಲೆಯನ್ನು ಕಚ್ಚಿ ಅಗಿಯುವ ಹುಳುವನ್ನು ಕಲ್ಪಿಸಿಕೊಳ್ಳಬಾರದು. ಇದರ ದವಡೆಗಳು ಚಪ್ಪಟೆಯಾದ ಅಲಗುಗಳು. ತಲೆಯನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಅದು ಹೊರಪದರದ ಜೀವಕೋಶಗಳನ್ನಷ್ಟೇ ಸೀಳಿ ಅದರಿಂದ ಒಸರುವ ರಸವನ್ನು ಹೀರುತ್ತದೆ. ಅದರ ಕೆಳಗಿರುವ ಹಸಿರು ಜೀವಕೋಶಗಳು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಹೊರಪದರ ಬೇರ್ಪಟ್ಟು ನಡುವೆ ಗಾಳಿ ತುಂಬಿಕೊಳ್ಳುವುದರಿಂದ ಆ ಜಾಗ ಬೆಳ್ಳಿಯ ಹಾಗೆ ಹೊಳೆಯುತ್ತದೆ. ನಡುವಿನ ಕಪ್ಪು ಎಳೆ ಅದರ ಹಿಕ್ಕೆ. ಒಂದು ಸುರಂಗದಲ್ಲಿ ಒಂದೇ ಮರಿ ಇರುತ್ತದೆ. ಪೀಡೆ ಹೆಚ್ಚಾದಾಗ ಒಂದೇ ಎಲೆಯಲ್ಲಿ ಹಲವು ಸುರಂಗಗಳು ಕಾಣಬಹುದು.

ಮರಿಯ ಬೆಳವಣಿಗೆಗೆ ನಾಲ್ಕು ಹಂತಗಳು. ಮೊದಲ ಮೂರರಲ್ಲಿ ಅದು ರಸ ಹೀರುತ್ತಾ ಮುಂದುವರಿಯುತ್ತದೆ. ನಾಲ್ಕನೆಯ ಹಂತಕ್ಕೆ ಬಂದ ಮರಿ ತಿನ್ನುವುದೇ ಇಲ್ಲ. ಆ ಅಲಗುಗಳು ಹೋಗಿ ಬಾಯಿ ರೇಷ್ಮೆ ನೂಲುವುದಕ್ಕಷ್ಟೇ ಉಪಯೋಗಕ್ಕೆ ಬರುತ್ತದೆ. ಎಲೆಯ ಅಂಚಿಗೆ ತಲುಪಿ ಅದು ನೂಲು ಬಿಗಿಯುವುದರಿಂದ ಅಂಚು ಮಡಚಿಕೊಂಡು ಸಣ್ಣ ಕೋಣೆಯಾಗುತ್ತದೆ. ನೀವು ಕಂಡ ಸುರುಟು ಅದೇ. ಅದರೊಳಗೆ ಕೋಶಾವಸ್ಥೆ. ಹೊರಬರುವ ಸಮಯಕ್ಕೆ ಕೋಶ ತನ್ನ ತಲೆಯ ಮುಂಭಾಗದ ಚೂಪಿನಿಂದ ಗೂಡನ್ನು ಸೀಳಿ ಅರ್ಧದಷ್ಟು ಹೊರಗೆ ಚಾಚಿಕೊಳ್ಳುತ್ತದೆ, ಆಮೇಲೆ ಪತಂಗ ಹಾರುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆಯಿಂದ ಪತಂಗದವರೆಗೆ ಎರಡು ಮೂರು ವಾರ ಸಾಕು. ಚಳಿಯ ಸೀಮೆಯಲ್ಲಿ 50 ದಿನ ಮೀರುವುದೂ ಉಂಟು.

ಹೀಗಾಗಿ ಒಂದು ಎಲೆಯನ್ನು ಹಿಡಿದು ನೋಡಿದರೆ ಒಳಗಿನ ಮರಿಯ ಚರಿತ್ರೆಯನ್ನು ಓದಬಹುದು. ನಡುನರದ ಬಳಿ ಗೆರೆ ಕೂದಲಿನಷ್ಟು ಸಣ್ಣದಾಗಿ ಆರಂಭವಾಗುತ್ತದೆ, ಮರಿ ಪೊರೆ ಕಳಚಿದಂತೆ ಅಗಲವಾಗುತ್ತಾ ಹೋಗುತ್ತದೆ, ಕೊನೆಗೆ ಅಂಚಿನಲ್ಲಿ ನಿಲ್ಲುತ್ತದೆ. ಗೆರೆ ಅಂಚು ಮುಟ್ಟದೆ ನಡುದಾರಿಯಲ್ಲೇ ನಿಂತಿದ್ದು ಒಳಗೆ ಕಂದಿದ ಚುಕ್ಕೆಯೊಂದು ಉಳಿದಿದ್ದರೆ ಮರಿ ಸತ್ತಿದೆ. ಮಡಚಿದ ಅಂಚಿನಿಂದ ಕಂದು ಸಿಪ್ಪೆಯೊಂದು ಹೊರಗೆ ಚಾಚಿದ್ದರೆ ಪತಂಗ ಆಗಲೇ ಹೋಗಿದೆ. ಅಂಥ ಎಲೆಗೆ ಔಷಧಿ ಹೊಡೆಯುವವರನ್ನು ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ.

ಹಾನಿಯ ಬಗ್ಗೆ ಒಂದೇ ಮಾತು: ನಾಲ್ಕು ವರ್ಷ ದಾಟಿದ, ಆರೋಗ್ಯವಾಗಿರುವ ಗಿಡಕ್ಕೆ ಇದರಿಂದ ಇಳುವರಿಯಲ್ಲಿ ಹೇಳಿಕೊಳ್ಳುವಂಥ ನಷ್ಟವಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕೀಟ ನಿರ್ವಹಣಾ ವಿಭಾಗವೂ ನಾಲ್ಕು ವರ್ಷ ಮೀರಿದ ಗಿಡಗಳಿಗೆ ಔಷಧಿ ಬೇಡವೆಂದೇ ಸಲಹೆ ಕೊಡುತ್ತದೆ.

ಇಂಡಿನಿಂಬೆ (ವಿಜಯಪುರ ಜಿಲ್ಲೆ)

ಸೂಕ್ಷ್ಮಪತಂಗ ಅವರ ವಿವರಣೆ ಬಹಳ ಚೆನ್ನಾಗಿದೆ, ಆದರೆ ಕೊನೆಯ ಮಾತಿಗೆ ಒಂದು ತಿದ್ದುಪಡಿ ಸೇರಿಸದಿದ್ದರೆ ನಮ್ಮಂಥ ಬೆಳೆಗಾರರಿಗೆ ತೊಂದರೆಯಾದೀತು. ತಾರಸಿಯ ಮೇಲಿನ ದೊಡ್ಡ ಗಿಡದ ಲೆಕ್ಕ ಬೇರೆ, ನರ್ಸರಿಯ ಸಸಿಯ ಮತ್ತು ಹೊಸ ನಾಟಿಯ ಲೆಕ್ಕ ಬೇರೆ. ಹತ್ತಾರು ಎಲೆಗಳಷ್ಟೇ ಇರುವ ಸಸಿಯಲ್ಲಿ ಬಂದ ಚಿಗುರೆಲ್ಲ ಸುರುಟಿಹೋದರೆ ಸಸಿ ಕುಂಠಿತವಾಗುತ್ತದೆ. ಮೊದಲ ಮೂರು ನಾಲ್ಕು ವರ್ಷ ಗಿಡ ಮೈ ತುಂಬಿಕೊಳ್ಳಬೇಕಾದ ಕಾಲ. ಆಗ ಇದನ್ನು ಕಡೆಗಣಿಸುವುದು ಸಾಧ್ಯವಿಲ್ಲ.

ಅದಕ್ಕಿಂತ ದೊಡ್ಡ ಆತಂಕ ಕಜ್ಜಿ ರೋಗ. ನಮ್ಮ ಭಾಗದಲ್ಲಿ ಬೆಳೆಯುವ ಕಾಗ್ಜಿ ನಿಂಬೆ ಈ ರೋಗಕ್ಕೆ ಬಹಳ ಬೇಗ ತುತ್ತಾಗುವ ತಳಿ. ರೋಗ ತರುವುದು ಕ್ಸಾಂಥೊಮೊನಾಸ್ ಎಂಬ ಬ್ಯಾಕ್ಟೀರಿಯಾ. ಅದು ಮಳೆಹನಿ ಸಿಡಿದಾಗ, ಮಳೆಯೊಂದಿಗೆ ಬೀಸುಗಾಳಿ ಬಂದಾಗ ಗಿಡದಿಂದ ಗಿಡಕ್ಕೆ ಹರಡುತ್ತದೆ. ಪತಂಗ ಅದನ್ನು ಹೊತ್ತು ತಿರುಗುವುದಿಲ್ಲ ಎಂಬುದು ನಿಜ. ಆದರೆ ಮರಿ ಸೀಳಿದ ಹೊರಪದರ ಹರಿದು ತೆರೆದುಕೊಂಡಾಗ ಆ ಉದ್ದನೆಯ ಗಾಯ ಬ್ಯಾಕ್ಟೀರಿಯಾಕ್ಕೆ ಹೆಬ್ಬಾಗಿಲಾಗುತ್ತದೆ. ಸುರಂಗ ಇರುವ ಎಲೆಯಲ್ಲಿ ಕಜ್ಜಿಯ ಹುಣ್ಣುಗಳು ಬೆಳ್ಳಿ ಗೆರೆಯ ಜಾಡನ್ನೇ ಹಿಡಿದು ಸಾಲಾಗಿ ಎದ್ದಿರುವುದನ್ನು ನಮ್ಮ ಭಾಗದ ತೋಟಗಳಲ್ಲಿ ಯಾರು ಬೇಕಾದರೂ ನೋಡಬಹುದು. ಆದ್ದರಿಂದ ಮಳೆಗಾಲದ ಚಿಗುರಿನಲ್ಲಿ ಈ ಪತಂಗ ಹೆಚ್ಚಾಯಿತೆಂದರೆ ನಮಗೆ ಚಿಂತೆ ಶುರು.

ನಾವು ಮಾಡುವುದು ಇಷ್ಟು. ಚಿಗುರು ಒಮ್ಮೆಗೇ ಬಂದು ಒಮ್ಮೆಗೇ ಬಲಿಯುವಂತೆ ನೀರು ಗೊಬ್ಬರಗಳನ್ನು ಹೊಂದಿಸುತ್ತೇವೆ; ಯೂರಿಯಾ ಆಗಾಗ ಕೊಟ್ಟರೆ ಚಿಗುರು ಬಿಟ್ಟುಬಿಟ್ಟು ಬರುತ್ತಲೇ ಇದ್ದು ಪತಂಗಕ್ಕೆ ಸದಾ ಎಳೆಯೆಲೆ ಒದಗುತ್ತದೆ. ಬುಡದಿಂದ ಮೇಲೇಳುವ ನೀರುಕೊಂಬೆಗಳನ್ನು ತೆಗೆಯುತ್ತೇವೆ. ಸಸಿಗಳಿಗೆ ಮಾತ್ರ, ಚಿಗುರು ಒಡೆಯುವ ಹೊತ್ತಿಗೆ, ಬೇವಿನ ಬೀಜದ ಕಷಾಯ ಸಿಂಪಡಿಸುತ್ತೇವೆ. ಗೆರೆ ಮೂಡಿದ ಮೇಲೆ ಸಿಂಪಡಿಸಿ ಪ್ರಯೋಜನವಿಲ್ಲ.

ಸೂಕ್ಷ್ಮಪತಂಗ (ಧಾರವಾಡ)

ಇಂಡಿನಿಂಬೆ ಅವರ ಮಾತನ್ನು ಒಪ್ಪುತ್ತೇನೆ. ಸಸಿ ಮತ್ತು ಕಜ್ಜಿ ಇವೆರಡೂ ಕಾರಣಕ್ಕೆ ಬೆಳೆಗಾರರು ಎಚ್ಚರವಾಗಿರಲೇಬೇಕು. ಬೇವಿನ ಕಷಾಯವೂ ಖನಿಜ ತೈಲದ ಸಿಂಪಡಣೆಯೂ ಕೆಲಸ ಮಾಡುವ ಬಗೆಯನ್ನು ಮಾತ್ರ ಸೇರಿಸುತ್ತೇನೆ. ಎಳೆಯೆಲೆಯ ಮೇಲೆ ಎಣ್ಣೆಯ ತೆಳುಪದರ ಇದ್ದರೆ ಹೆಣ್ಣು ಅಲ್ಲಿ ಮೊಟ್ಟೆ ಇಡಲು ಹಿಂಜರಿಯುತ್ತದೆ. ಆದ್ದರಿಂದಲೇ ಅದು ಚಿಗುರಿನ ಮೊದಲ ದಿನಗಳಲ್ಲಿ ಆಗಬೇಕಾದ ಕೆಲಸ. ಮೇಲೆ ಹೊಡೆದರೆ ಮೇಲೆಯೇ ಉಳಿಯುವ ಕೀಟನಾಶಕಗಳದ್ದು ಬೇರೆ ಕಥೆ: ಮರಿ ಹೊರಪದರದ ಅಡಿಯಲ್ಲಿ, ಕೋಶ ಮಡಚಿದ ಕೋಣೆಯೊಳಗೆ ಸುರಕ್ಷಿತವಾಗಿರುತ್ತವೆ, ಹೊರಗೆ ಓಡಾಡುವ, ಮರಿಯನ್ನು ತಿಂದು ಬೆಳೆಯುವ ಪರತಂತ್ರ ಕಣಜಗಳೂ ಜೇಡಗಳೂ ಸಾಯುತ್ತವೆ, ಮುಂದಿನ ಚಿಗುರಿಗೆ ಪೀಡೆ ಇನ್ನಷ್ಟು ಹೆಚ್ಚುತ್ತದೆ.

ತಾರಸಿತೋಟ (ಮೈಸೂರು)

ಇಬ್ಬರಿಗೂ ಧನ್ಯವಾದಗಳು. ನಿಮ್ಮ ವಿವರಣೆ ಓದಿಕೊಂಡು ಗಿಡದ ಬಳಿ ಹೋಗಿ ನೋಡಿದಾಗ ಬೆಳ್ಳಿ ಗೆರೆಯ ಅಗಲ ಹಂತಹಂತವಾಗಿ ಹೆಚ್ಚುವುದು ನನಗೂ ಸ್ಪಷ್ಟವಾಗಿ ಕಾಣಿಸಿತು. ನಮ್ಮ ಗಿಡಗಳಲ್ಲಿ ಕಜ್ಜಿ ಇಲ್ಲ. ಎರಡು ಸಂದೇಹಗಳು ಉಳಿದಿವೆ. ಗೆರೆ ಬಿದ್ದ ಎಲೆಗಳನ್ನು ಕಿತ್ತು ಹಾಕಿದರೆ ಒಳ್ಳೆಯದೇ? ಟೊಮೆಟೊ ಗಿಡದ ರಂಗೋಲಿ ಹುಳುವೂ ಇದೂ ಒಂದೇ ಎಂದು ಪಕ್ಕದ ಮನೆಯವರು ಪಟ್ಟು ಹಿಡಿದಿದ್ದಾರೆ, ಅದು ಸರಿಯೇ?

ಹಸಿರುಮನೆ (ಕೋಲಾರ)

ಟೊಮೆಟೊ ಬೆಳೆಯುವವನಾಗಿ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಒಂದೇ ಅಲ್ಲ. ಟೊಮೆಟೊ, ಹುರುಳಿಕಾಯಿ, ಚೆಂಡುಹೂವಿನ ಎಲೆಗಳಲ್ಲಿ ಬಿಳಿ ಗೆರೆ ಎಳೆಯುವುದು ಲಿರಿಯೊಮೈಜಾ ಟ್ರೈಫೋಲಿ ಎಂಬ ಸಣ್ಣ ನೊಣದ ಮರಿ. ಅದು ಅಮೆರಿಕದ ಕಡೆಯದು; ನಮ್ಮ ದೇಶದಲ್ಲಿ ಕಾಣಿಸಿಕೊಂಡಿದ್ದು 1990ರ ದಶಕದ ಆರಂಭದಲ್ಲಿ. ಅದರ ಮರಿ ಎಲೆಯ ಹಸಿರು ಭಾಗವನ್ನೇ ತಿನ್ನುತ್ತದೆ, ಬಲಿತ ಮೇಲೆ ಎಲೆಯಿಂದ ಹೊರಬಿದ್ದು ಹೆಚ್ಚಾಗಿ ಮಣ್ಣಿನಲ್ಲಿ ಕೋಶವಾಗುತ್ತದೆ. ಎಲೆಯ ಅಂಚನ್ನು ಮಡಚುವ ಕೆಲಸ ಅದಕ್ಕಿಲ್ಲ. ನಿಂಬೆಯ ಪತಂಗ ಟೊಮೆಟೊಗೆ ಹೋಗುವುದಿಲ್ಲ, ಟೊಮೆಟೊ ನೊಣ ನಿಂಬೆಗೆ ಬರುವುದಿಲ್ಲ. ಒಂದರ ಔಷಧಿಯನ್ನು ಇನ್ನೊಂದಕ್ಕೆ ಹೊಡೆದು ಹಣ ಕಳೆದುಕೊಂಡವರು ನಮ್ಮ ಕಡೆ ಬೇಕಾದಷ್ಟು ಮಂದಿ ಇದ್ದಾರೆ.

ಸೂಕ್ಷ್ಮಪತಂಗ (ಧಾರವಾಡ)

ಎಲೆ ಕೀಳುವ ಬಗ್ಗೆ: ಬೇಡ. ಮೇಲೆ ಹೇಳಿದಂತೆ ಹಸಿರು ಜೀವಕೋಶಗಳು ಬಹುಪಾಲು ಉಳಿದಿರುವುದರಿಂದ ಗೆರೆ ಬಿದ್ದ ಎಲೆಯೂ ಗಿಡಕ್ಕೆ ಆಹಾರ ತಯಾರಿಸುತ್ತಲೇ ಇರುತ್ತದೆ. ಕಿತ್ತರೆ ಗಿಡ ಮತ್ತೆ ಚಿಗುರುತ್ತದೆ, ಆ ಚಿಗುರೇ ಪತಂಗಕ್ಕೆ ಬೇಕಾದದ್ದು. ಮೇಲಾಗಿ ನೀವು ಕಿತ್ತು ಎಸೆಯುವ ಎಲೆಗಳಲ್ಲಿ ಎಷ್ಟರಲ್ಲಿ ಮರಿಯ ಬದಲು ಮರಿಯನ್ನು ತಿಂದು ಬೆಳೆದ ಕಣಜ ಇದೆಯೋ ಹೊರಗಿನಿಂದ ಹೇಳುವುದು ಕಷ್ಟ. ಕಜ್ಜಿ ತಗಲಿದ ಎಲೆಗಳ ಮಾತು ಬೇರೆ. ಅವನ್ನು ಕಿತ್ತು ಸುಡಬೇಕು.

ದೂರದೂರು (ಫ್ಲೋರಿಡಾ)

ಈ ಚರ್ಚೆಯನ್ನು ಕುತೂಹಲದಿಂದ ಓದುತ್ತಿದ್ದೇನೆ, ಏಕೆಂದರೆ ನಾನಿರುವ ರಾಜ್ಯದಲ್ಲಿ ಈ ಪತಂಗಕ್ಕೆ ಒಂದು ಪ್ರತ್ಯೇಕ ಚರಿತ್ರೆಯೇ ಇದೆ. ಏಷ್ಯಾದಲ್ಲಿ ಶತಮಾನಗಳಿಂದ ತನ್ನ ಪಾಡಿಗೆ ತಾನಿದ್ದ ಈ ಜೀವಿ 1993ರ ಮೇ ತಿಂಗಳಿನಲ್ಲಿ ದಕ್ಷಿಣ ಫ್ಲೋರಿಡಾದ ಹೋಮ್‌ಸ್ಟೆಡ್ ಬಳಿಯ ನರ್ಸರಿಗಳಲ್ಲಿ ಕಾಣಿಸಿಕೊಂಡು, ಒಂದು ವರ್ಷ ತುಂಬುವ ಮೊದಲೇ ರಾಜ್ಯದ ಕಿತ್ತಳೆ ಸೀಮೆಯನ್ನೆಲ್ಲ ಆವರಿಸಿತು. ಅದೇ 1993ರಲ್ಲಿ ಸ್ಪೇನ್‌ನಲ್ಲಿಯೂ ಕಂಡುಬಂದು ಎರಡು ಮೂರು ವರ್ಷಗಳಲ್ಲಿ ಮೆಡಿಟರೇನಿಯನ್ ಸುತ್ತಲಿನ ತೋಟಗಳನ್ನು ಹೊಕ್ಕಿತು. 1996ರಲ್ಲಿ ಬ್ರೆಜಿಲ್‌ನಲ್ಲಿ, 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಪತ್ತೆಯಾಯಿತು. ಎರಡು ಮಿಲಿಮೀಟರಿನ ಜೀವಿಯೊಂದು ಹತ್ತು ವರ್ಷವೂ ಆಗದೊಳಗೆ ಭೂಮಿಯ ನಿಂಬೆ ಕಿತ್ತಳೆ ಸೀಮೆಗಳನ್ನು ಬಹುಮಟ್ಟಿಗೆ ಸುತ್ತಿಬಿಟ್ಟಿತು. ಸಸಿಗಳನ್ನು ಸಾಗಿಸುವ ವ್ಯಾಪಾರವೇ ಇದಕ್ಕೆ ವಾಹನವಾಗಿರಬೇಕೆಂಬುದು ನನ್ನ ಅಭಿಪ್ರಾಯ.

ಇಂಡಿನಿಂಬೆ ಅವರು ಹೇಳಿದ ಕಜ್ಜಿಯ ನಂಟು ಇಲ್ಲಿ ದುಬಾರಿಯಾಗಿ ಪರಿಣಮಿಸಿತು. ಪತಂಗ ಬಂದ ಎರಡು ವರ್ಷಕ್ಕೆ, 1995ರಲ್ಲಿ, ಮಯಾಮಿ ವಿಮಾನ ನಿಲ್ದಾಣದ ಹತ್ತಿರದ ಮನೆಯಂಗಳಗಳ ಗಿಡಗಳಲ್ಲಿ ಕಜ್ಜಿ ಪತ್ತೆಯಾಯಿತು. ಅದನ್ನು ಬೇರುಸಹಿತ ಕಿತ್ತೊಗೆಯಲು ಸರ್ಕಾರ ರೋಗ ತಗಲಿದ ಗಿಡಗಳನ್ನಷ್ಟೇ ಅಲ್ಲದೆ ಅವುಗಳ ಸುತ್ತಲಿನ ಆರೋಗ್ಯವಂತ ಗಿಡಗಳನ್ನೂ ಕಡಿಸಿತು. ಜನ ನ್ಯಾಯಾಲಯಕ್ಕೆ ಹೋದರು. 2004 ಮತ್ತು 2005ರ ಚಂಡಮಾರುತಗಳು ಬ್ಯಾಕ್ಟೀರಿಯಾವನ್ನು ಎಲ್ಲೆಡೆ ಹರಡಿದ ಮೇಲೆ 2006ರ ಜನವರಿಯಲ್ಲಿ ಆ ಪ್ರಯತ್ನವನ್ನೇ ಕೈಬಿಡಲಾಯಿತು. ಗಾಳಿ ಮಳೆಯೇ ಮುಖ್ಯ ಕಾರಣವಾದರೂ, ಪತಂಗದ ಸುರಂಗಗಳಿಂದಾಗಿ ಕಜ್ಜಿಗೆ ಒಳನುಗ್ಗುವ ದಾರಿ ಬಹಳ ಸುಲಭವಾಯಿತೆಂದು ಇಲ್ಲಿನ ತಜ್ಞರು ಒತ್ತಿ ಹೇಳುತ್ತಾರೆ. ಕಜ್ಜಿಯೂ ನಮ್ಮ ಕಡೆಯದೇ: ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಒಣಗಿಡ ಸಂಗ್ರಹದಲ್ಲಿ, 1827ರಿಂದ 1831ರ ನಡುವೆ ಭಾರತದಲ್ಲಿ ಸಂಗ್ರಹಿಸಿದ ಮಾದಳದ ಎಲೆಗಳ ಮೇಲೆ ಅದರ ಹುಣ್ಣುಗಳು ಸಿಕ್ಕಿವೆ.

ಹುಟ್ಟೂರಿನಿಂದ ಪತಂಗ ಒಂಟಿಯಾಗಿ ಬಂದದ್ದರಿಂದ ಅದರ ಶತ್ರುಗಳನ್ನು ಹಿಂದಿನಿಂದ ಕರೆತರಬೇಕಾಯಿತು. ಅಜೀನಿಯಾಸ್ಪಿಸ್ ಸಿಟ್ರಿಕೋಲಾ ಎಂಬ ಪರತಂತ್ರ ಕಣಜ ಆಗ್ನೇಯ ಏಷ್ಯಾದ್ದು. ಅದನ್ನು ಮೊದಲು ಆಸ್ಟ್ರೇಲಿಯಾಕ್ಕೆ ಒಯ್ದು ಪರೀಕ್ಷಿಸಲಾಗಿತ್ತು. ಅಲ್ಲಿಂದ 1994ರಲ್ಲಿ ಫ್ಲೋರಿಡಾ ವಿಶ್ವವಿದ್ಯಾಲಯದ ಮಾರ್ಜರಿ ಹಾಯ್ ಮತ್ತು ಅವರ ಸಹೋದ್ಯೋಗಿಗಳು ತರಿಸಿ ತೋಟಗಳಿಗೆ ಬಿಟ್ಟರು. ಆ ಕಣಜ ಪತಂಗಕ್ಕಿಂತಲೂ ಚಿಕ್ಕದು. ಅದು ಪತಂಗದ ಮೊಟ್ಟೆಯೊಳಗೋ ಆಗತಾನೇ ಒಡೆದ ಮರಿಯೊಳಗೋ ತನ್ನ ಮೊಟ್ಟೆ ಇಡುತ್ತದೆ. ಆ ಒಂದೇ ಮೊಟ್ಟೆ ಒಳಗೆ ಒಡೆದು ಹಲವು ಭ್ರೂಣಗಳಾಗಿ, ಒಂದು ಪತಂಗ ಹೊರಬರಬೇಕಾದ ಕೋಣೆಯಿಂದ ಹಲವು ಕಣಜಗಳು ಹೊರಬರುತ್ತವೆ. ತೇವ ಹೆಚ್ಚಿರುವ ಇಲ್ಲಿ ಅದು ಚೆನ್ನಾಗಿ ನೆಲೆಸಿತು. ಒಣಹವೆಯ ಸ್ಪೇನ್‌ನಲ್ಲಿ ಕೈಹಿಡಿದದ್ದು ಸಿಟ್ರೊಸ್ಟಿಕಸ್ ಎಂಬ ಇನ್ನೊಂದು ಏಷ್ಯಾದ ಕಣಜ. ಭಾರತದಲ್ಲಿ ಇಂಥ ಶತ್ರುಗಳು ಮೊದಲಿನಿಂದಲೂ ಇರುವುದರಿಂದಲೇ ಪತಂಗ ಅಲ್ಲಿ ಒಂದು ಮಿತಿಯಲ್ಲಿದೆ. ಆ ಕಣಜಗಳನ್ನು ಕೈಯಾರೆ ಕೊಲ್ಲದಿರುವುದು ಜಾಣತನ.

ಇನ್ನೊಂದು ಸಂಗತಿ ನನಗೆ ಬಹಳ ಸ್ವಾರಸ್ಯಕರವಾಗಿ ಕಂಡಿದೆ. ಹೆಣ್ಣು ಪತಂಗ ಗಂಡನ್ನು ಕರೆಯಲು ಬಿಡುವ ವಾಸನೆಯ ಒಂದು ಘಟಕವನ್ನು 1985ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದರು. ಅದನ್ನಿಟ್ಟ ಮೋಹಕ ಬಲೆಗೆ ಜಪಾನಿನ ಗಂಡು ಪತಂಗಗಳು ಬಂದು ಬಿದ್ದವು. ಅದೇ ಬಲೆಯನ್ನು ಬೇರೆ ದೇಶಗಳಲ್ಲಿ ಕಟ್ಟಿದಾಗ ಗಂಡುಗಳು ತಿರುಗಿಯೂ ನೋಡಲಿಲ್ಲ. ಕೊನೆಗೆ 2006ರಲ್ಲಿ ಅಮೆರಿಕದ ಎರಡು ತಂಡಗಳು ಬ್ರೆಜಿಲ್ ಮತ್ತು ಕ್ಯಾಲಿಫೋರ್ನಿಯಾದ ಪತಂಗಗಳನ್ನು ಅಭ್ಯಸಿಸಿ, ಇನ್ನೊಂದು ಸಂಯುಕ್ತವೂ ಸೇರಿದರೆ ಮಾತ್ರ ಗಂಡುಗಳು ಬರುತ್ತವೆ, ಮಿಶ್ರಣದಲ್ಲಿ ಆ ಹೊಸದರ ಪಾಲೇ ಹೆಚ್ಚಿರಬೇಕು ಎಂದು ಕಂಡುಕೊಂಡವು. ಹೊರನೋಟಕ್ಕೆ ಒಂದೇ ಆಗಿರುವ ಪತಂಗ ಊರಿಂದ ಊರಿಗೆ ಬೇರೆ ಬೇರೆ ವಾಸನೆಗೆ ಓಗೊಡುತ್ತದೆ.

ಕಡಲತಡಿ (ಕುಂದಾಪುರ)

ನಮ್ಮಲ್ಲಿ ನಿಂಬೆಗಿಂತ ಗೇರು ಹೆಚ್ಚು. ಗೇರಿನ ಎಳೆಯ ಎಲೆಗಳ ಮೇಲೂ ಹೀಗೆಯೇ ಬಿಳಿಯಾಗಿ ಸಿಪ್ಪೆ ಎದ್ದು, ಆಮೇಲೆ ಆ ಜಾಗ ಒಣಗಿ ತೂತಾಗುತ್ತದೆ. ಆದರೆ ಅಲ್ಲಿ ಉದ್ದ ಗೆರೆ ಕಾಣುವುದಿಲ್ಲ, ಗುಳ್ಳೆಯಂತೆ ಅಗಲವಾಗಿ ಹರಡಿರುತ್ತದೆ. ಅದು ಇದೇ ಪತಂಗವೇ? ಮತ್ತು ತಾರಸಿತೋಟ ಅವರ ಕೊನೆಯ ಪ್ರಶ್ನೆಗೆ, ಅಂದರೆ ಪತಂಗವನ್ನು ನೋಡುವ ಬಗೆಗೆ, ಇನ್ನೂ ಯಾರೂ ಉತ್ತರಿಸಿಲ್ಲ.

ಭೂತಕನ್ನಡಿ (ಬೆಂಗಳೂರು)

ಕಡಲತಡಿ ಅವರೇ, ಗೇರಿನದು ಬೇರೆ ಪತಂಗ, ಆದರೆ ಇದೇ ಕುಟುಂಬದ್ದು: ಅಕ್ರೊಸರ್ಕಾಪ್ಸ್ ಸಿಂಗ್ರಾಮ್ಮಾ. ಅದು ಮಾವಿನ ಚಿಗುರಿಗೂ ಬರುತ್ತದೆ. ಅದಕ್ಕೆ ಹೆಸರಿಟ್ಟ ಎಡ್ವರ್ಡ್ ಮೇರಿಕ್ ಇಂಗ್ಲೆಂಡಿನ ಮಾರ್ಲ್‌ಬರೊ ಕಾಲೇಜಿನಲ್ಲಿ ಶಾಲಾ ಉಪಾಧ್ಯಾಯರಾಗಿದ್ದುಕೊಂಡೇ ಸಾವಿರಾರು ಸೂಕ್ಷ್ಮ ಪತಂಗಗಳನ್ನು ವರ್ಣಿಸಿದವರು. ಕೊಡಗಿನ ತೋಟಗಳಿಂದಲೂ ಕಾರವಾರದ ಕಾಡುಗಳಿಂದಲೂ ಹೋದ ಮಾದರಿಗಳು ಅವರ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಅವುಗಳಲ್ಲಿ ಎಷ್ಟೋ ಜಾತಿಗಳ ಬಗ್ಗೆ ಅಂದಿನ ನಾಲ್ಕು ಸಾಲಿನ ವರ್ಣನೆಯ ಆಚೆಗೆ ಇಂದಿಗೂ ಹೆಚ್ಚೇನೂ ಬರೆದಿಲ್ಲ. ನಿಂಬೆಯ ಪತಂಗ ಕೃಷಿಗೆ ಪೀಡೆಯಾದದ್ದರಿಂದಲಾದರೂ ಇಷ್ಟು ಪರಿಚಿತವಾಯಿತು.

ಈಗ ನೋಡುವ ಬಗೆ. ಗಿಡದ ಮೇಲೆ ಹುಡುಕುವುದಕ್ಕಿಂತ ಮನೆಯೊಳಗೆ ಹೊರಬರಿಸಿಕೊಳ್ಳುವುದು ಸುಲಭ. ಅಂಚು ಮಡಚಿರುವ, ಆದರೆ ಕಂದು ಸಿಪ್ಪೆ ಇನ್ನೂ ಹೊರಗೆ ಚಾಚಿರದ ಎಲೆಗಳನ್ನು ಆರಿಸಿಕೊಳ್ಳಿ. ಮಡಿಕೆಯ ಬಣ್ಣ ತಿಳಿಹಸಿರಿನಿಂದ ಕಂದಿಗೆ ತಿರುಗುತ್ತಿದ್ದರೆ ಒಳಗಿನ ಕೋಶ ಬಲಿತಿದೆ ಎಂದು ತಿಳಿಯಬಹುದು. ಎಲೆಯನ್ನು ತೊಟ್ಟಿನ ಸಮೇತ, ಆದರೆ ಚಿಕ್ಕ ಕೊಂಬೆಯಲ್ಲಿಯೇ ಬಿಟ್ಟು ಕತ್ತರಿಸಿದರೆ ಬೇಗ ಒಣಗುವುದಿಲ್ಲ. ಗಾಜಿನ ಶೀಸೆಯ ತಳಕ್ಕೆ ಸ್ವಲ್ಪವೇ ತೇವ ಮಾಡಿದ ಕಾಗದ ಹಾಸಿ, ಕೊಂಬೆಯನ್ನಿಟ್ಟು, ಬಾಯಿಗೆ ತೆಳುವಾದ ಮಲ್ ಬಟ್ಟೆ ಬಿಗಿಯಿರಿ. ಬಟ್ಟೆಯ ಹೆಣಿಗೆ ಬಹಳ ದಟ್ಟವಾಗಿರಬೇಕು, ಇಲ್ಲದಿದ್ದರೆ ಹೊರಬಂದವು ಸದ್ದಿಲ್ಲದೆ ನುಸುಳಿಹೋಗುತ್ತವೆ. ನೇರ ಬಿಸಿಲು ಬೀಳದಿರಲಿ, ನೀರು ಹೆಚ್ಚಾಗದಿರಲಿ. ಬೂಸ್ಟು ಬಂದರೆ ಎಲ್ಲವೂ ಕೆಡುತ್ತದೆ. ಬೆಚ್ಚಗಿನ ದಿನಗಳಲ್ಲಿ ಒಂದು ವಾರದ ಸುಮಾರಿಗೆ ಫಲ ಸಿಗುತ್ತದೆ. ಶೀಸೆಯನ್ನು ಬೆಳಿಗ್ಗೆ ಎದ್ದೊಡನೆ ನೋಡಬೇಕು, ಹೊರಬರುವ ಹೊತ್ತು ಅದೇ ಆದ್ದರಿಂದ.

ಕಣ್ಣಿಗೆ ಕಾಣುವುದು ಗಾಜಿನ ಒಳಮೈಗೆ ಅಂಟಿ ಕುಳಿತ ಬೆಳ್ಳಿಯ ಒಂದು ಚೂರು. ಮೊಬೈಲ್ ಕ್ಯಾಮೆರಾಕ್ಕೆ ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಸಾಕು, ರೆಕ್ಕೆಯ ಪಟ್ಟೆಗಳು ಕಾಣುತ್ತವೆ. ಶೀಸೆಯನ್ನು ಕೆಲವು ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಪತಂಗ ಮಂಕಾಗಿ ಕುಳಿತುಕೊಳ್ಳುತ್ತದೆ, ಆಮೇಲೆ ಬಿಳಿ ಕಾಗದದ ಬದಲು ಕಡುಬಣ್ಣದ ಕಾಗದದ ಮೇಲೆ ಇಟ್ಟು ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ. ಬಿಳಿಯ ಮೇಲೆ ಬೆಳ್ಳಿ ಕಾಣುವುದಿಲ್ಲ. ಫ್ಲ್ಯಾಶ್ ಬೇಡ, ಹೊಳೆಯುವ ರೆಕ್ಕೆ ಬರಿಯ ಬಿಳಿ ಮಚ್ಚೆಯಾಗಿಬಿಡುತ್ತದೆ.

ಪತಂಗದ ಬದಲು ಕಪ್ಪಗೆ ಅಥವಾ ಹಳದಿಗೆ ಹೊಳೆಯುವ ಒಂದು ಮಿಲಿಮೀಟರಿನ ಕಣಜಗಳು ಹೊರಬಂದರೆ ನಿರಾಶರಾಗಬೇಡಿ. ನಮ್ಮ ಊರುಗಳಲ್ಲಿ ಔಷಧಿ ಕಾಣದ ಗಿಡದ ಎಲೆಗಳಿಂದ ಹಾಗಾಗುವ ಸಂಭವ ಚೆನ್ನಾಗಿಯೇ ಇದೆ. ಅವುಗಳ ಚಿತ್ರವನ್ನೂ ತೆಗೆದು ಶೀಸೆಯನ್ನು ನಿಂಬೆ ಗಿಡದ ಬುಡದಲ್ಲಿ ತೆರೆದಿಡಿ. ಇಲ್ಲಿ ಚಿತ್ರ ಹಾಕುವಾಗ ಎಲೆಯದೂ ಒಂದು ಇರಲಿ, ಗಿಡ ನಿಂಬೆಯೋ ಹೆರಳೆಯೋ ಎಂಬುದನ್ನೂ ತಿಂಗಳನ್ನೂ ಬರೆಯಿರಿ. ಪತಂಗದ ಚಿತ್ರವಾದರೆ ಮುಂರೆಕ್ಕೆಯ ತುದಿಯ ಕಪ್ಪು ಚುಕ್ಕೆ ಕಾಣುವಂತೆ ಬೆನ್ನ ಕಡೆಯಿಂದ ತೆಗೆದದ್ದು ಬೇಕು.

ತಾರಸಿತೋಟ (ಮೈಸೂರು)

ಹೆರಳೆ ಗಿಡದಲ್ಲಿ ಅಂಥ ಮಡಿಕೆಗಳು ಬೇಕಾದಷ್ಟಿವೆ, ನಿಂಬೆಯಲ್ಲಿ ಬಹುಪಾಲು ಸಿಪ್ಪೆ ಚಾಚಿ ಖಾಲಿಯಾಗಿವೆ. ಎರಡರ ಎಲೆಗಳನ್ನೂ ಬೇರೆ ಬೇರೆ ಶೀಸೆಗಳಲ್ಲಿಟ್ಟು ಮೇಲೆ ಚೀಟಿ ಅಂಟಿಸಿದ್ದೇನೆ. ಏನು ಹೊರಬಂದರೂ ಚಿತ್ರವನ್ನು ಇಲ್ಲಿಯೇ ಹಾಕುತ್ತೇನೆ. ಕಣಜಗಳಾದರೆ ಯಾವ ಜಾತಿ ಎಂದು ಗುರುತಿಸಲು ಸೂಕ್ಷ್ಮಪತಂಗ ಅವರು ನೆರವಾಗಬೇಕು.